ಹೆಂಗಸರ ಬಳಗಕ್ಕೆ ಬಾಗಿಲೇಕೆ?

ಕಂಪ್ಯೂಟರ್ ಉದ್ಯಮದಲ್ಲಿ ದುಡಿಯುವ ಹೆಂಗಸರು ತಮಗೆಂದೇ ವಿದ್ಯುನ್ಮಾನ ಬಳಗಗಳನ್ನು ಕಟ್ಟಿಕೊಂಡು ಅವುಗಳ ಬಾಗಿಲನ್ನು ಗಂಡಸರಿಗೆ ಮುಚ್ಚಿಡುವುದು ನ್ಯಾಯವೇ? ಅಮೆರಿಕದಲ್ಲಿ ಈ ಪ್ರಶ್ನೆಗೆ ಮೂರು ದಶಕ ಮೀರಿದ ವಯಸ್ಸಾಗಿದೆ. ಆದರೂ ಅದರ ಕಾವು ಆರಿಲ್ಲ. ಈ ಸಮ್ಮೇಳನಕ್ಕೆ ದೂರದೂರದಿಂದ ಬಂದಿರುವ ಬಂಧುಗಳಲ್ಲಿ ಬಹುಮಂದಿ ಇದೇ ಉದ್ಯಮದ ಅನ್ನ ಉಂಡವರು. ಹಲವರ ಮನೆಗಳಲ್ಲಿ ಇದೇ ವಿದ್ಯೆಯನ್ನು ಓದುತ್ತಿರುವ ಮಗಳೂ ಇದ್ದಾಳೆ, ಮಗನೂ ಇದ್ದಾನೆ. ಹೀಗಾಗಿ ಇದು ನಮ್ಮ ಪಾಲಿಗೆ ಬರಿಯ ಊರ ಉಸಾಬರಿಯಲ್ಲ. ಮೈಸೂರಿನಲ್ಲಿ ಇಂಜಿನಿಯರಿಂಗ್ ಮುಗಿಸಿ, 1980ರ ದಶಕದ ಕೊನೆಯಲ್ಲಿ ಕ್ಯಾಲಿಫೋರ್ನಿಯಾಕ್ಕೆ ಬಂದು, ಮೂವತ್ತು ವರ್ಷ ಸಾಫ್ಟ್‌ವೇರ್ ಬರೆದು ನಿವೃತ್ತಳಾದ ನಾನು ಅಂಥ ಬಳಗವೊಂದರ ಋಣದಲ್ಲಿರುವವಳು. ಓದುಗರು ಇದನ್ನು ಮನಸ್ಸಿನಲ್ಲಿಟ್ಟುಕೊಂಡೇ ನನ್ನ ಮಾತುಗಳನ್ನು ತೂಗಿ ನೋಡಬೇಕು.

ಈ ಬಳಗಗಳಲ್ಲಿ ಹಿರಿಯಕ್ಕನೆನ್ನಬಹುದಾದದ್ದು ‘ಸಿಸ್ಟರ್ಸ್’. ಸಿಸ್ಟಂ ಎಂಬ ಪದವನ್ನೂ ಸಿಸ್ಟರ್ ಎಂಬ ಪದವನ್ನೂ ಬೆಸೆದು ಮಾಡಿದ ಹೆಸರಿದು. 1987ರ ನವೆಂಬರಿನಲ್ಲಿ ಟೆಕ್ಸಾಸಿನ ಆಸ್ಟಿನ್ ನಗರದಲ್ಲಿ ಆಪರೇಟಿಂಗ್ ಸಿಸ್ಟಂಗಳನ್ನು ಕುರಿತ ವಿದ್ವತ್ ಗೋಷ್ಠಿಯೊಂದು ನಡೆಯಿತು. ನೆರೆದಿದ್ದವರಲ್ಲಿ ಹೆಂಗಸರು ಬೆರಳೆಣಿಕೆಯಷ್ಟು. ಡಿಜಿಟಲ್ ಎಕ್ವಿಪ್‌ಮೆಂಟ್ ಕಾರ್ಪೊರೇಷನ್ನಿನ ಸಂಶೋಧನಾಲಯದಲ್ಲಿದ್ದ ಅನಿತಾ ಬೋರ್ಗ್ ಅವರು ಮಹಿಳೆಯರ ಶೌಚಾಲಯದಲ್ಲಿ ಎದುರಾದ ಇತರರೊಡನೆ ಈ ಕೊರತೆಯ ಬಗ್ಗೆ ಮಾತಿಗೆ ನಿಂತರು. ಮಾತು ಅಲ್ಲಿಗೇ ಮುಗಿಯದೆ, ಹತ್ತು ಹನ್ನೆರಡು ಮಂದಿ ರಾತ್ರಿಯ ಊಟಕ್ಕೆ ಒಂದೇ ಮೇಜಿನ ಸುತ್ತ ಕುಳಿತರು. ಏಳುವಾಗ ಅನಿತಾ ಎಲ್ಲರ ಇ-ಮೇಲ್ ವಿಳಾಸಗಳನ್ನು ಬರೆದುಕೊಂಡರು. ಅಂತರ್ಜಾಲವೆಂಬುದು ಇನ್ನೂ ಜನಸಾಮಾನ್ಯರ ಕಿವಿಗೆ ಬೀಳದಿದ್ದ ಆ ದಿನಗಳಲ್ಲಿ ಹುಟ್ಟಿದ ಈ ಸಣ್ಣ ಬಳಗ ಮುಂದೆ ಹಲವು ದೇಶಗಳ ಸಾವಿರಾರು ಮಹಿಳೆಯರನ್ನು ಒಳಗೊಂಡಿತು. ಅದರ ಕಟ್ಟುಪಾಡುಗಳು ಸರಳವಾಗಿದ್ದವು: ಕಂಪ್ಯೂಟರ್ ವೃತ್ತಿಯ ಹೆಂಗಸರಿಗೆ ಮಾತ್ರ ಪ್ರವೇಶ, ಒಳಗೆ ಆಡಿದ ಮಾತನ್ನು ಆಡಿದವರ ಒಪ್ಪಿಗೆಯಿಲ್ಲದೆ ಹೊರಗೆ ಒಯ್ಯಬಾರದು.

ಆ ಎರಡನೆಯ ಕಟ್ಟುಪಾಡಿಗೆ ನಾನು ಇಂದಿಗೂ ಬದ್ಧಳಾದ್ದರಿಂದ ಇತರರ ಮಾತನ್ನು ಇಲ್ಲಿ ಹೇಳಲಾರೆ, ನನ್ನದನ್ನು ಹೇಳಬಹುದು. ನಾನು ಸೇರಿದ್ದು 1990ರ ದಶಕದ ಆರಂಭದಲ್ಲಿ. ಆಗ ನಾನಿದ್ದ ಕಂಪನಿಯ ಹೆಸರು ಬೇಡ. ಅಲ್ಲಿ ಹನ್ನೊಂದು ತಿಂಗಳು ಕುಳಿತು ನಾನು ಬರೆದ ಪ್ರೋಗ್ರಾಮನ್ನು ಗಿರಾಕಿಗಳ ಮುಂದೆ ವಿವರಿಸುವ ಹೊಣೆಯನ್ನು ನನ್ನ ಮ್ಯಾನೇಜರು ಪಕ್ಕದ ಮೇಜಿನ ಗಂಡಸಿಗೆ ವಹಿಸಿದರು. ಕಾರಣ ಕೇಳಿದರೆ, ನನ್ನ ಉಚ್ಚಾರ ಗಿರಾಕಿಗಳಿಗೆ ತಿಳಿಯಲಿಕ್ಕಿಲ್ಲ ಎಂದರು. ಇದು ನನ್ನ ಇಂಗ್ಲಿಷಿನ ದೋಷವೋ, ಬಣ್ಣದ ದೋಷವೋ, ಹೆಣ್ಣಾದ ದೋಷವೋ ಎಂದು ನನಗೆ ತಿಳಿಯಲಿಲ್ಲ. ನಮ್ಮ ತಂಡದಲ್ಲಿ ಕೇಳೋಣವೆಂದರೆ ಅಲ್ಲಿ ಬೇರೆ ಹೆಂಗಸರೇ ಇರಲಿಲ್ಲ. ಮನೆಯವರು, ‘ಹೋಗಲಿ ಬಿಡು, ಸಂಬಳ ಬರುತ್ತಿದೆಯಲ್ಲ’ ಎಂದರು. ಊರಿಗೆ ಬರೆದ ಕಾಗದಕ್ಕೆ ಮರುಕಾಗದ ಬರಲು ಮೂರು ವಾರ ಬೇಕು. ಬಂದರೂ ಅದರಲ್ಲಿ ಇರುತ್ತಿದ್ದದ್ದು ತಾಳ್ಮೆಯ ಉಪದೇಶ. ಬಳಗಕ್ಕೆ ಬರೆದೆ. ಬೆಳಗಾಗುವುದರೊಳಗೆ ಒಂಬತ್ತು ಉತ್ತರಗಳು! ಅನುಕಂಪದ ಮಾತು ಅವುಗಳಲ್ಲಿ ಕಡಿಮೆ. ಹೆಚ್ಚಿನವು ಕೆಲಸದ ಮಾತು. ಮುಂದಿನ ವಿವರಣೆಗೆ ಮುನ್ನವೇ ಪ್ರೋಗ್ರಾಮಿನ ರಚನೆಯನ್ನು ನಿನ್ನ ಹೆಸರಿನಲ್ಲಿ ಬರೆದು ಎಲ್ಲರಿಗೂ ಕಳುಹಿಸು ಎಂದರು ಒಬ್ಬರು. ಗಿರಾಕಿಗಳ ಪ್ರಶ್ನೆಗಳಿಗೆ ಉತ್ತರ ಕೊಡಲು ನಾನೂ ಅಲ್ಲಿರಬೇಕಾಗುತ್ತದೆ ಎಂದು ಕೇಳು, ಇಲ್ಲವೆನ್ನುವುದು ಕಷ್ಟ ಎಂದರು ಇನ್ನೊಬ್ಬರು. ಹಾಗೆಯೇ ಮಾಡಿದೆ. ಪ್ರಶ್ನೆಗಳು ಬಂದವು, ಉತ್ತರ ಕೊಟ್ಟವಳು ನಾನು.

ಗಂಡಸರೂ ಇದ್ದ ಸಭೆಯಲ್ಲಿ ಈ ಪ್ರಶ್ನೆಯನ್ನು ಕೇಳಬಹುದಿತ್ತಲ್ಲವೇ? ಕೇಳಬಹುದಿತ್ತು. ಆದರೆ ನೂರು ಮಂದಿಯಲ್ಲಿ ತೊಂಬತ್ತು ಮಂದಿ ಅಂಥದನ್ನು ಅನುಭವಿಸದವರಾದರೆ, ಹಾಗೆ ನಡೆದದ್ದು ನಿಜವೇ ಎಂಬುದನ್ನು ಸಾಬೀತುಪಡಿಸುವುದರಲ್ಲೇ ದಿನ ಕಳೆಯುತ್ತದೆ. ಏನು ಮಾಡಬೇಕೆಂಬ ಮಾತಿಗೆ ಸರದಿ ಬರುವುದೇ ಇಲ್ಲ.

ಬಳಗದ ಸುದ್ದಿ ಹಬ್ಬಿದಂತೆ ಆಕ್ಷೇಪಗಳೂ ಹಬ್ಬಿದವು. ಅವುಗಳಿಗೆ ಅನಿತಾ 1993ರಲ್ಲಿ ಲಿಖಿತವಾಗಿಯೇ ಉತ್ತರ ಕೊಡಬೇಕಾಯಿತು. ಆಕ್ಷೇಪಗಳನ್ನು ಅಸೂಯೆಯೆಂದು ತಳ್ಳಿಹಾಕುವುದು ಸುಲಭ. ಆದರೆ ಅವುಗಳಲ್ಲಿ ಒಂದಕ್ಕೆ ತೂಕವಿತ್ತು. ಅದನ್ನು ತಿಳಿಯಲು ಅಮೆರಿಕದ ನ್ಯಾಯಾಲಯಗಳ ಕಡೆಗೊಮ್ಮೆ ನೋಡಬೇಕು. ಕ್ಯಾಲಿಫೋರ್ನಿಯಾದ ಡುವಾರ್ಟೆ ಎಂಬ ಊರಿನ ರೋಟರಿ ಕ್ಲಬ್ಬು 1977ರಲ್ಲಿ ಮೂವರು ಮಹಿಳೆಯರನ್ನು ಸದಸ್ಯರನ್ನಾಗಿ ಮಾಡಿಕೊಂಡಿತು. ಅಂತರರಾಷ್ಟ್ರೀಯ ರೋಟರಿಯು ಆ ಕ್ಲಬ್ಬಿನ ಮಾನ್ಯತೆಯನ್ನೇ ಕಿತ್ತುಕೊಂಡಿತು. ವ್ಯಾಜ್ಯ ಸುಪ್ರೀಂ ಕೋರ್ಟಿಗೆ ಏರಿ, 1987ರ ಮೇ ತಿಂಗಳಲ್ಲಿ ಹೆಂಗಸರನ್ನು ಹೊರಗಿಡಕೂಡದೆಂದು ತೀರ್ಪಾಯಿತು. ಅದಕ್ಕೂ ಮುಂಚೆ, 1984ರಲ್ಲಿ, ಜೇಸೀಸ್ ಸಂಸ್ಥೆಯ ವಿಷಯದಲ್ಲಿಯೂ ಇಂಥದೇ ತೀರ್ಪು ಬಂದಿತ್ತು. ಇವು ನಾಲ್ಕು ಜನ ಸ್ನೇಹಿತರ ಕೂಟಗಳಲ್ಲ. ಸದಸ್ಯರಾಗಲು ಬಹುಮಟ್ಟಿಗೆ ಯಾರಿಗಾದರೂ ಅವಕಾಶವಿರುವ ದೊಡ್ಡ ಸಂಸ್ಥೆಗಳು. ವ್ಯಾಪಾರದ ಪರಿಚಯಗಳೂ ಮುಂದಾಳುತನದ ಅನುಭವವೂ ದೊರೆಯುವ ಜಾಗಗಳು. ಅಂಥಲ್ಲಿ ಹೆಂಗಸರನ್ನು ಹೊರಗಿಟ್ಟರೆ ಅವರ ಬದುಕಿನ ದಾರಿಯನ್ನೇ ಅಡ್ಡಗಟ್ಟಿದಂತೆ ಎಂಬುದು ಈ ವಿಚಾರದ ಹುರುಳು. ಅದಾದ ಆರು ತಿಂಗಳಿಗೆ ಆಸ್ಟಿನ್ನಿನ ಊಟದ ಮೇಜು! ಗಂಡಸರ ಕ್ಲಬ್ಬುಗಳ ಬಾಗಿಲನ್ನು ಒಡೆಸಿದವರು ತಾವೇ ಬಾಗಿಲು ಹಾಕಿಕೊಂಡರೆಂದು ಹೊರಗಿದ್ದವರು ಕೇಳಿದ್ದರಲ್ಲಿ ಆಶ್ಚರ್ಯವಿಲ್ಲ. ಕೆಲವು ಹೆಂಗಸರೂ ಕೇಳಿದರು. ‘ನಾನು ಇಂಜಿನಿಯರು, ಹೆಣ್ಣು ಇಂಜಿನಿಯರಲ್ಲ’ ಎಂದು ಬಳಗದ ಹತ್ತಿರ ಸುಳಿಯದ ಗೆಳತಿಯೊಬ್ಬಳು ನನಗಿದ್ದಳು. ಅವಳು ನನಗಿಂತ ಒಳ್ಳೆಯ ಇಂಜಿನಿಯರು ಎಂಬುದನ್ನೂ ಹೇಳಬೇಕು.

ನಮ್ಮವರ ಮುಂದೆ ಈ ಚರ್ಚೆ ಬಂದಾಗಲೆಲ್ಲ ನಾನು ಕನ್ನಡ ಕೂಟದ ಉಪಮೆ ಕೊಡುತ್ತಿದ್ದೆ. ವಾರವೆಲ್ಲ ಪರಭಾಷೆಯಲ್ಲಿ ದುಡಿದವರು ಶನಿವಾರದ ಸಂಜೆ ಬಾಡಿಗೆ ಸಭಾಂಗಣದಲ್ಲಿ ಸೇರಿ ಬಿಸಿಬೇಳೆ ಭಾತ್ ಉಣ್ಣುತ್ತ ಕನ್ನಡದಲ್ಲಿ ನಕ್ಕರೆ ಯಾರಿಗಾದರೂ ಅನ್ಯಾಯವಾಯಿತೇ? ಉಪಮೆ ಚೆನ್ನಾಗಿದೆ, ಆದರೆ ಪೂರ್ತಿ ಒಪ್ಪುವುದಿಲ್ಲ. ಕನ್ನಡವನ್ನು ಯಾರೂ ಕಲಿಯಬಹುದು. ನಮ್ಮ ಕೂಟಕ್ಕೆ ಬಂದು ಹಾಡು ಹೇಳುವ ಅಮೆರಿಕನ್ ಸೊಸೆಯಂದಿರಿದ್ದಾರೆ. ಹೆಣ್ಣುತನ ಹಾಗೆ ಕಲಿತು ಬರುವಂಥದಲ್ಲ. ಇದಕ್ಕಿಂತ ಹತ್ತಿರದ ಉಪಮೆ ನಮ್ಮ ನಾಡಿನ ಮಹಿಳಾ ಸಮಾಜಗಳದು. ಬಾಲವಿಧವೆಯಾಗಿದ್ದ ಆರ್. ಕಲ್ಯಾಣಮ್ಮನವರು ಬೆಂಗಳೂರಿನಲ್ಲಿ ಶಾರದಾ ಸ್ತ್ರೀ ಸಮಾಜವನ್ನು ಕಟ್ಟಿದ್ದು 1913ರಲ್ಲಿ. ಮನೆಯ ಹಿರಿಯರೆದುರು ತಲೆಯೆತ್ತದ ಹೆಣ್ಣುಮಕ್ಕಳಿಗೆ ದನಿ ಬರಬೇಕಾದರೆ ಮೊದಲು ಆ ಹಿರಿಯರಿಲ್ಲದ ಒಂದು ಜಾಗ ಬೇಕಿತ್ತು. ಅದೇ ಕಲ್ಯಾಣಮ್ಮನವರು ‘ಸರಸ್ವತಿ’ ಪತ್ರಿಕೆಯನ್ನು ದಶಕಗಳ ಕಾಲ ನಡೆಸಿದರು. (ನಮ್ಮ ಕೂಟಗಳ ಮಹಿಳಾ ವಿಭಾಗಗಳಿಗೆ ರಂಗೋಲಿ, ಕೋಸಂಬರಿಗಳ ಆಚೆಗೂ ಕೆಲಸವಿದೆಯೆಂಬುದನ್ನು ನೆನಪಿಸಲು ಈ ಹೆಸರು ಸಾಕು.)

ಸಿಸ್ಟರ್ಸ್ ಬಳಗವೂ ಬಾಗಿಲ ಹಿಂದೆ ಸುಮ್ಮನೆ ಕುಳಿತಿರಲಿಲ್ಲ. 1992ರಲ್ಲಿ ಮಾತನಾಡುವ ಬಾರ್ಬಿ ಬೊಂಬೆಯೊಂದು ಮಾರುಕಟ್ಟೆಗೆ ಬಂದಾಗ, ಗಣಿತದ ತರಗತಿ ಕಷ್ಟವೆಂಬ ಮಾತು ಅದರ ಬಾಯಲ್ಲಿತ್ತು. ಅಮೆರಿಕದ ಪದವೀಧರ ಮಹಿಳೆಯರ ಸಂಘ ಪ್ರತಿಭಟಿಸಿತು, ಬಳಗದವರೂ ದನಿಗೂಡಿಸಿದರು, ಮ್ಯಾಟೆಲ್ ಕಂಪನಿ ಆ ಮಾತನ್ನು ಕೈಬಿಟ್ಟಿತು. 1994ರಲ್ಲಿ ಅನಿತಾ ಬೋರ್ಗ್ ಮತ್ತು ಟೆಲ್ ವಿಟ್ನಿ ಇಬ್ಬರೂ ಸೇರಿ, ಕಂಪೈಲರ್ ವಿದ್ಯೆಗೆ ತಳಹದಿ ಹಾಕಿದ ಗ್ರೇಸ್ ಹಾಪರ್ ಅವರ ಹೆಸರಿನಲ್ಲಿ ವಾಷಿಂಗ್‌ಟನ್ನಿನಲ್ಲಿ ಸಮ್ಮೇಳನ ನಡೆಸಿದರು. ಬಂದವರು ಸುಮಾರು 500 ಮಂದಿ. 2003ರಲ್ಲಿ ಮಿದುಳಿನ ಕ್ಯಾನ್ಸರಿನಿಂದ ಅನಿತಾ ತೀರಿಕೊಂಡ ಮೇಲೂ ಸಮ್ಮೇಳನ ಬೆಳೆಯುತ್ತಲೇ ಹೋಯಿತು. 2010ರಲ್ಲಿ ಅದರ ಭಾರತೀಯ ಆವೃತ್ತಿ ಬೆಂಗಳೂರಿನಲ್ಲೇ ಆರಂಭವಾಯಿತು. ಅಮೆರಿಕದ ಸಮ್ಮೇಳನಕ್ಕೆ ದೊಡ್ಡ ಕಂಪನಿಗಳು ಹಣ ಸುರಿದವು, ಮಳಿಗೆಗಳನ್ನು ಹಾಕಿದವು, ಅಲ್ಲಿಯೇ ಸಂದರ್ಶನ ಮಾಡಿ ಕೆಲಸ ಕೊಡತೊಡಗಿದವು.

ಚರ್ಚೆಯ ನಿಜವಾದ ಗಂಟು ಇರುವುದು ಇಲ್ಲಿಯೇ ಎಂದು ನನ್ನ ಅಭಿಪ್ರಾಯ. ಮಾತನ್ನಲ್ಲದೆ ಬೇರೇನನ್ನೂ ಹಂಚದ ಬಳಗ ಬಾಗಿಲು ಹಾಕಿಕೊಂಡರೆ ಹೊರಗಿನವನ ತಟ್ಟೆಯ ಅನ್ನವೇನೂ ಕಡಿಮೆಯಾಗದು. ಕೆಲಸವನ್ನೇ ಹಂಚತೊಡಗಿದಾಗ ಕಥೆ ಬೇರೆ. ರೋಟರಿಗೆ ಅನ್ವಯಿಸಿದ ವಿಚಾರವೇ ಆಗ ನಮಗೂ ಅನ್ವಯಿಸುತ್ತದೆ.

2023ರ ಸೆಪ್ಟೆಂಬರಿನಲ್ಲಿ ಫ್ಲಾರಿಡಾದ ಒರ್ಲಾಂಡೊದಲ್ಲಿ ಆದದ್ದು ಇದೇ. ಕಂಪನಿಗಳು ಸಾವಿರಗಟ್ಟಲೆ ಜನರನ್ನು ಮನೆಗೆ ಕಳುಹಿಸಿದ್ದ ವರ್ಷವದು. ಸಮ್ಮೇಳನದ ಉದ್ಯೋಗ ಮೇಳಕ್ಕೆ ಗಂಡಸರು ಗುಂಪುಗುಂಪಾಗಿ ಬಂದರು. ಸಾಲುಗಳಲ್ಲಿ ನೂಕುನುಗ್ಗಲಾಯಿತು, ಹೆಂಗಸರನ್ನು ಹಿಂದಕ್ಕೆ ತಳ್ಳಿ ಮುಂದೆ ನಿಂತವರೂ ಇದ್ದರೆಂದು ದೂರುಗಳು ಬಂದವು. ತಾರತಮ್ಯ ವಿರೋಧಿ ಕಾನೂನಿನ ಕಾರಣ ಗಂಡಸರನ್ನು ತಡೆಯುವಂತಿಲ್ಲವೆಂದು ಸಂಘಟಕರು ಹೇಳಿದರು. ನೊಂದ ಹುಡುಗಿಯರ ಕೋಪ ನ್ಯಾಯವಾದದ್ದು. ಆದರೆ ನನ್ನ ಆಪ್ತ ಗೆಳತಿಯ ಮಗ ಆ ಸಾಲಿನಲ್ಲಿದ್ದ. ವಿದ್ಯಾರ್ಥಿ ವೀಸಾದ ಮೇಲೆ ಓದು ಮುಗಿಸಿದವರು ಆಮೇಲಿನ ತರಬೇತಿಯ ಅವಧಿಯಲ್ಲಿ ಒಟ್ಟು 90 ದಿನಕ್ಕಿಂತ ಹೆಚ್ಚು ಕೆಲಸವಿಲ್ಲದೆ ಇರುವಂತಿಲ್ಲ. ಅವನ ಲೆಕ್ಕದಲ್ಲಿ ಉಳಿದಿದ್ದದ್ದು 22 ದಿನ. ‘ಆಂಟೀ, ನಾನು ಯಾರನ್ನೂ ತಳ್ಳಲಿಲ್ಲ; ಆದರೆ ಹೋಗದೆ ಇರಲೂ ಆಗಲಿಲ್ಲ’ ಎಂದ. ಊರಿನಲ್ಲಿ ತಂದೆ ಮನೆ ಅಡವಿಟ್ಟು ಸಾಲ ತೆಗೆದಿದ್ದರು. ಅವನಿಗೆ ಬುದ್ಧಿ ಹೇಳುವಷ್ಟು ಧೈರ್ಯ ನನಗೆ ಬರಲಿಲ್ಲ. ಅವನು ಬಂದದ್ದು ಹೆಂಗಸರ ಮಾತು ಕೇಳಲಿಕ್ಕಲ್ಲ, ಅಲ್ಲಿಟ್ಟಿದ್ದ ಕೆಲಸಗಳಿಗಾಗಿ. ಆ ಕೆಲಸಗಳನ್ನು ಅಲ್ಲಿ ತಂದಿಟ್ಟವರು ಕಂಪನಿಗಳು. ತಮ್ಮ ಮನೆಯ ನೇಮಕಾತಿಯನ್ನು ತಿದ್ದಿಕೊಳ್ಳುವ ಬದಲು ವರ್ಷಕ್ಕೊಮ್ಮೆ ಹೆಂಗಸರ ಜಾತ್ರೆಯಲ್ಲಿ ಅಂಗಡಿ ಹಾಕುವುದು ಅವರಿಗೆ ಸುಲಭವಾಗಿ ಕಂಡಿತ್ತು.

ಆ ಹಣ ನಂಬಿ ಕಟ್ಟಿದ ಸಂಸ್ಥೆಗಳ ಗತಿಯೂ ಬೇಗನೆ ತಿಳಿಯಿತು. 2011ರಲ್ಲಿ ಆರಂಭವಾಗಿದ್ದ ‘ವಿಮೆನ್ ಹೂ ಕೋಡ್’ 2024ರ ಏಪ್ರಿಲಿನಲ್ಲಿ ಹಣವಿಲ್ಲದೆ ಮುಚ್ಚಿತು. ‘ಗರ್ಲ್ಸ್ ಇನ್ ಟೆಕ್’ ಅದೇ ಜುಲೈಯಲ್ಲಿ ಮುಚ್ಚಿತು. 2025ರ ಮಾರ್ಚಿಯಲ್ಲಿ ಅಮೆರಿಕದ ಸಮಾನ ಉದ್ಯೋಗಾವಕಾಶ ಆಯೋಗವು, ಕಂಪನಿಯೊಳಗಿನ ಉದ್ಯೋಗಿಗಳ ಗುಂಪುಗಳನ್ನು ಯಾವುದೇ ಒಂದು ವರ್ಗಕ್ಕೆ ಮೀಸಲಿಡುವುದು ಕಾನೂನಿಗೆ ವಿರುದ್ಧವಾಗಬಹುದೆಂದು ಎಚ್ಚರಿಸಿತು. ಕಂಪನಿಯ ಸೂರಿನಡಿ ಹೆಂಗಸರ ಬಳಗಕ್ಕೆ ಬಾಗಿಲು ಇಡುವುದು ಈಗ ಮೊದಲಿಗಿಂತ ಕಷ್ಟ.

ಅಗತ್ಯವೇ ತೀರಿತೆಂದು ಹೇಳುವವರಿಗೆ ಒಂದು ಅಂಕಿ ನೆನಪಿಸುತ್ತೇನೆ. 1980ರ ದಶಕದ ಮಧ್ಯಭಾಗದಲ್ಲಿ ಅಮೆರಿಕದ ಕಂಪ್ಯೂಟರ್ ವಿಜ್ಞಾನದ ಪದವೀಧರರಲ್ಲಿ ಹೆಂಗಸರು ಶೇಕಡ 37ರಷ್ಟಿದ್ದರು; ಕಾಲು ಶತಮಾನದ ನಂತರ ಶೇಕಡ 18ರ ಆಸುಪಾಸಿಗೆ ಇಳಿದಿದ್ದರು. ನಮ್ಮವರದು ಇನ್ನೊಂದು ಬಗೆಯ ಕಥೆ. ಗಂಡನ ಎಚ್-1 ವೀಸಾದ ನೆರಳಿನಲ್ಲಿ ಎಚ್-4 ವೀಸಾದ ಮೇಲೆ ಬಂದ ಕನ್ನಡದ ಹೆಣ್ಣುಮಕ್ಕಳಿಗೆ 2015ರವರೆಗೆ ಕೆಲಸ ಮಾಡುವ ಹಕ್ಕೇ ಇರಲಿಲ್ಲ. ಆಮೇಲೂ ಕೆಲವರಿಗಷ್ಟೇ ದೊರೆಯಿತು. ಪದವಿ ಪಡೆದು ಆರೇಳು ವರ್ಷ ಮನೆಯಲ್ಲಿ ಕುಳಿತವಳು ತನ್ನ ಹಿನ್ನೆಲೆಯ ಪತ್ರದಲ್ಲಿ ಆ ಖಾಲಿ ವರ್ಷಗಳಿಗೆ ಏನೆಂದು ಬರೆಯಬೇಕು? ಈ ಪ್ರಶ್ನೆಯನ್ನು ಅವಳು ಉದ್ಯೋಗ ಮೇಳದಲ್ಲಿ ಕೇಳಲಾರಳು. ಗಂಡನ ಸ್ನೇಹಿತರು ತುಂಬಿದ ಕೂಟದ ಗುಂಪಿನಲ್ಲೂ ಕೇಳಲಾರಳು.

ನಮ್ಮ ಕಡೆ ಅಂಥವರ ಒಂದು ಸಣ್ಣ ಬಳಗವಿದೆ. ಅದಕ್ಕೆ ಹೆಸರಿಲ್ಲ, ಬ್ಯಾಂಕಿನ ಖಾತೆಯಿಲ್ಲ, ಪ್ರಾಯೋಜಕರಿಲ್ಲ. ಕೆಲಸ ಕೊಡಿಸುವ ಶಕ್ತಿಯೂ ಇಲ್ಲ. ಇರುವುದು ಹದಿನಾಲ್ಕು ಮಂದಿ, ಎಲ್ಲರೂ ಹೆಂಗಸರು. ಕಳೆದ ತಿಂಗಳು ದಾವಣಗೆರೆಯ ಕಡೆಯ ಒಬ್ಬಾಕೆ ಸೇರಿದಳು. ಎಂಟು ದಿನ ಸುಮ್ಮನಿದ್ದು, ಒಂಬತ್ತನೆಯ ರಾತ್ರಿ ಕನ್ನಡದಲ್ಲೇ ಒಂದು ಉದ್ದನೆಯ ಪ್ರಶ್ನೆ ಬರೆದಳು. ಮಲಗುವ ಮುನ್ನ ನಾನು ನೋಡಿದಾಗ ಅದಕ್ಕೆ ಆರು ಉತ್ತರಗಳು ಬಂದಿದ್ದವು. ಏಳನೆಯದನ್ನು ನಾನು ಬರೆದೆ.