ಅಂಗಡಿಯ ಹೊಸ ನೌಕರರೂ ಮೊಬೈಲಿನ ನೀತಿಪಾಠವೂ

ನಮ್ಮ ವಾಚನಾಲಯಕ್ಕೆ ಬರುವ ತರುಣರಲ್ಲಿ ಈಗ ಹೋಟೆಲಿನವರಿಗಿಂತ ದೊಡ್ಡ ಅಂಗಡಿಗಳಲ್ಲಿ ದುಡಿಯುವವರೇ ಹೆಚ್ಚಾಗಿ ಕಾಣುತ್ತಾರೆ. ಇದರಲ್ಲಿ ಆಶ್ಚರ್ಯವೇನೂ ಇಲ್ಲ. 2002ರಲ್ಲಿ ಪೊವಾಯಿಯಲ್ಲಿ ಮೊದಲ ಅಂಗಡಿ ತೆರೆದ ಡಿ-ಮಾರ್ಟಿನ ಕಚೇರಿ ಠಾಣೆಯ ವಾಗ್ಳೆ ಎಸ್ಟೇಟಿನಲ್ಲಿದೆ. ರಿಲಯನ್ಸಿನ ದೊಡ್ಡ ಕಚೇರಿ ಘನಸೋಲಿಯಲ್ಲಿದೆ. ಸ್ವೀಡನ್ನಿನ ಐಕಿಯಾ 2020ರ ಡಿಸೆಂಬರಿನಲ್ಲಿ ತುರ್ಭೆಯಲ್ಲಿ ಮಳಿಗೆ ತೆರೆಯಿತು. ಕಲ್ಯಾಣ, ಡೊಂಬಿವಲಿಗಳಿಂದ ಬೆಳಗಿನ ಲೋಕಲ್ ಹಿಡಿದು ಇಂಥ ಅಂಗಡಿಗಳಿಗೆ ಹೋಗುವವರೂ ನಮ್ಮವರೇ, ಕಚೇರಿಗಳಲ್ಲಿ ಕುಳಿತು ಅವರಿಗಾಗಿ ಪಾಠ ಬರೆಯುವ ಗುಮಾಸ್ತರಲ್ಲಿಯೂ ನಮ್ಮವರಿದ್ದಾರೆ. ಆದ್ದರಿಂದ ಈ ಪಾಠದ ವಿಷಯ ಇಬ್ಬರಿಗೂ ಸೇರಿದ್ದು.

ಪಾಠವೆಂದರೆ ಇಷ್ಟೆ. ಕೆಲಸಕ್ಕೆ ಸೇರಿದ ವಾರವೇ ಮೊಬೈಲಿನಲ್ಲಿ ‘ನಮ್ಮ ಕಂಪನಿಯ ಮೌಲ್ಯಗಳು’ ಎಂದು ಮೂವತ್ತು ನಲವತ್ತು ಚಿತ್ರಪುಟಗಳು ಬರುತ್ತವೆ. ಓದಿ, ಕೊನೆಯ ಪ್ರಶ್ನೆಗಳಿಗೆ ಉತ್ತರ ಒತ್ತಬೇಕು. ವಿಜಾಪುರದ ಕಡೆಯ ಒಬ್ಬ ಹುಡುಗ ಅದನ್ನು ಗಾಡಿಯಲ್ಲಿ ನಿಂತುಕೊಂಡೇ ಹನ್ನೊಂದು ನಿಮಿಷದಲ್ಲಿ ಮುಗಿಸಿ ನೂರಕ್ಕೆ ನೂರು ಪಡೆದನಂತೆ. ಏನು ಕಲಿತೆಯಪ್ಪಾ ಎಂದರೆ, ‘ಎಲ್ಲಕ್ಕೂ ಹೌದು ಅಂತ ಒತ್ತಬೇಕು, ಕಾಕಾ’ ಎಂದ. ಕಂಪನಿಯ ಹೆಸರು ಬೇಡ.

ಹಿಂದೆ ಈ ಕಲಿಕೆ ಹೇಗೆ ನಡೆಯುತ್ತಿತ್ತು? ಎ. ರಾಮ ನಾಯಕರು 1942ರಲ್ಲಿ ಮಾಟುಂಗದಲ್ಲಿ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಆರಂಭಿಸಿದ ಕಾಲದ ಹೋಟೆಲುಗಳಲ್ಲಿ, ಊರಿನಿಂದ ಬಂದ ಹುಡುಗ ಮೊದಲು ಲೋಟ ತೊಳೆದು, ಮೇಜು ಒರೆಸಿ, ಆಮೇಲೆ ಬಡಿಸಿ, ಎಷ್ಟೋ ವರ್ಷಗಳ ಬಳಿಕ ಗಲ್ಲಾದ ಬಳಿ ಬರುತ್ತಿದ್ದ. ಹಳಸಿದ ಪಲ್ಯವನ್ನು ಯಜಮಾನ ಚೆಲ್ಲಿಸುತ್ತಾನೋ, ಬಡಿಸು ಎನ್ನುತ್ತಾನೋ ಎಂಬುದನ್ನು ಕಣ್ಣಾರೆ ನೋಡುತ್ತಿದ್ದ. ಅದೇ ಪಾಠ. ಒಳ್ಳೆಯದೂ ಕೆಟ್ಟದ್ದೂ ಹಾಗೆಯೇ ಹತ್ತುತ್ತಿತ್ತು. ನೂರಾರು ಅಂಗಡಿಗಳಾದಾಗ ಯಜಮಾನ ಎಲ್ಲ ಗಲ್ಲಾಗಳ ಬಳಿಯೂ ನಿಲ್ಲಲಾರ. ಐಕಿಯಾದ ಸ್ಥಾಪಕ ಇಂಗ್ವರ್ ಕಾಂಪ್ರಾಡ್ 1976ರಲ್ಲಿ ಮಿತವ್ಯಯ, ಸರಳತೆ ಮೊದಲಾದ ತನ್ನ ನಂಬಿಕೆಗಳನ್ನು ಒಂದು ಕಿರುಹೊತ್ತಗೆಯಾಗಿ ಬರೆದಿಟ್ಟ. ಈಗಿನ ಮೊಬೈಲ್ ಪಾಠ ಅಂಥ ಹೊತ್ತಗೆಗಳ ಮುಂದಿನ ಪೀಳಿಗೆ. ಆದುದರಿಂದ ಅದನ್ನು ಬೇಡವೆನ್ನಲಾಗದು. ಹೇಗಿರಬೇಕೆಂದು ಮಾತ್ರ ಕೇಳಬಹುದು.

‘ಪ್ರಾಮಾಣಿಕತೆ ಒಳ್ಳೆಯದೇ?’ ಎಂದು ಕೇಳಿದರೆ ಕಳ್ಳನೂ ಹೌದೆಂದೇ ಒತ್ತುತ್ತಾನೆ. ಪ್ರಶ್ನೆ ಬಿಲ್ಲಿಂಗ್ ಕೌಂಟರಿನಿಂದಲೇ ಹುಟ್ಟಬೇಕು. ಕಪಾಟಿನ ಚೀಟಿಯಲ್ಲಿ ಎಣ್ಣೆಯ ಬೆಲೆ 85 ರೂಪಾಯಿ, ಯಂತ್ರ ತೋರಿಸುವುದು 92 ಎಂದಿಟ್ಟುಕೊಳ್ಳೋಣ. ಪೊಟ್ಟಣದ ಮೇಲೆ 100 ಎಂದು ಅಚ್ಚಾಗಿದೆ. ಅಚ್ಚಾದ ಬೆಲೆಗಿಂತ ಹೆಚ್ಚಿಗೆ ಮಾರಬಾರದೆಂಬ 2011ರ ನಿಯಮ ಇಲ್ಲಿ ಮುರಿದಿಲ್ಲ. ಗಿರಾಕಿ ಬಾಯಿ ಗಮನಿಸಿಲ್ಲ. ಸಾಲಿನಲ್ಲಿ ಹತ್ತು ಜನ ನಿಂತಿದ್ದಾರೆ, ಸೂಪರ್‌ವೈಸರ್ ಕಾಣಿಸುತ್ತಿಲ್ಲ. ಬಂದಷ್ಟು ಬಿಲ್ ಮಾಡಬೇಕೋ? ಕೈಯಿಂದ ಏಳು ರೂಪಾಯಿ ಹಾಕಬೇಕೋ? ಸಾಲನ್ನು ನಿಲ್ಲಿಸಿ ಹೇಳಬೇಕೋ? ಬೆಲೆಯ ವಿಷಯದಲ್ಲಿ ಜನರನ್ನು ದಾರಿತಪ್ಪಿಸುವುದನ್ನು 2019ರ ಗ್ರಾಹಕ ರಕ್ಷಣಾ ಕಾಯಿದೆ ಅನುಚಿತ ವ್ಯಾಪಾರವೆಂದು ಎಣಿಸುತ್ತದೆ. ಆದರೆ ಹುಡುಗನಿಗೆ ಕಾಯಿದೆಗಿಂತ ಹತ್ತಿರದ ಭಯ ಬೇರೆ: ಸಾಲು ನಿಲ್ಲಿಸಿದರೆ ತನ್ನ ನೌಕರಿ ಏನಾದೀತು?

ಪಾಠ ಬರೆಯುವ ಗುಮಾಸ್ತ ಸಿಕ್ಕಿಬೀಳುವುದು ಇಲ್ಲಿಯೇ. ಸರಿಯುತ್ತರ ಬರೆಯಬೇಕಾದರೆ ಆ ಏಳು ರೂಪಾಯಿಯನ್ನು ಯಾರು ಹೊರಬೇಕು, ಸಾಲು ನಿಂತದ್ದಕ್ಕೆ ಯಾರು ಬೈಸಿಕೊಳ್ಳಬಾರದು ಎಂದು ಮೇಲಿನವರು ಮೊದಲು ತೀರ್ಮಾನಿಸಬೇಕು. ತೀರ್ಮಾನವಾಗದಿದ್ದರೆ ಪಾಠದಲ್ಲಿ ಉಳಿಯುವುದು ಬರಿಯ ಚಿತ್ರ. ಆದ್ದರಿಂದ ನಮ್ಮ ಗುಮಾಸ್ತ ಬಂಧುಗಳು ಕಂಪ್ಯೂಟರ್ ತೆರೆಯುವ ಮುಂಚೆ ಒಂದು ದಿನ ಅಂಗಡಿಗೆ ಹೋಗಿ, ‘ಮೊದಲ ತಿಂಗಳಲ್ಲಿ ನಿನಗೆ ಯಾವುದು ಹೆದರಿಕೆಯಾಯಿತು?’ ಎಂದು ಹಳೆಯ ನೌಕರರನ್ನು ಕೇಳಲಿ. ಬಂದ ಉತ್ತರಗಳನ್ನು ಮೇಲಧಿಕಾರಿಯ ಮುಂದಿಟ್ಟು ತೀರ್ಮಾನ ಬರೆಸಿಕೊಳ್ಳಲಿ.

ಒಂದೇ ದಿನ ಎಲ್ಲವನ್ನೂ ತುರುಕುವುದೂ ವ್ಯರ್ಥ. ಜರ್ಮನಿಯ ಎಬಿಂಗ್‌ಹೌಸ್ ಅರ್ಥವಿಲ್ಲದ ಅಕ್ಷರಗಳನ್ನು ತಾನೇ ಬಾಯಿಪಾಠ ಮಾಡಿ, ಒಂದು ಗಂಟೆಯೊಳಗೇ ಅರ್ಧಕ್ಕಿಂತ ಹೆಚ್ಚು ಮರೆತುಹೋಗುತ್ತದೆಂದು 1885ರಲ್ಲೇ ಪ್ರಕಟಿಸಿದ. ಐದು ನಿಮಿಷದ ಪಾಠ, ವಾರ ಬಿಟ್ಟು ಮತ್ತೊಂದು ಪ್ರಸಂಗ, ತಿಂಗಳಾದ ಮೇಲೆ ಅದೇ ಪ್ರಸಂಗ ಬೇರೆ ವೇಷದಲ್ಲಿ ಬಂದರೆ ನೆನಪು ನಿಂತೀತು. ಆ ಐದು ನಿಮಿಷವೂ ಕೆಲಸದ ವೇಳೆಯಲ್ಲೇ ಸಿಗಬೇಕು. ಲೋಕಲಿನಲ್ಲಿ ಒಂದು ಕೈ ಸರಪಳಿಗೆ, ಒಂದು ಕೈ ಮೊಬೈಲಿಗೆ ಎಂಬುದು ಕಲಿಕೆಯಲ್ಲ.

ಭಾಷೆಯ ಮಾತೂ ಇದೆ. ಇಂಗ್ಲಿಷಿನ ‘ಇಂಟೆಗ್ರಿಟಿ’ಯನ್ನು ಯಂತ್ರಕ್ಕೆ ಕೊಟ್ಟರೆ ಹಿಂದಿಯಲ್ಲಿ ‘ಅಖಂಡತಾ’ ಎಂದೂ ಬರಬಹುದು. ಬಿಲ್ ಮಾಡುವ ಹುಡುಗ ದೇಶದ ಅಖಂಡತೆ ಕಾಯಬೇಕೇನೋ ಎಂದುಕೊಂಡಾನು! ಕಲಬುರ್ಗಿಯಿಂದ ಮೊನ್ನೆ ಬಂದವನಿಗೆ ಮರಾಠಿ, ಹಿಂದಿಗಳ ಜೊತೆಗೆ ಕನ್ನಡದ ಧ್ವನಿಯೂ ಇದ್ದರೆ ಖರ್ಚು ದೊಡ್ಡದಲ್ಲ.

‘ಗೌರವ’ ಎಂಬ ಪುಟವನ್ನು ನೋಡಿದಾಗ ನಮಗೆ ನಗು ಬರುವುದುಂಟು. ದಿನವಿಡೀ ನಿಂತೇ ಇರುವ ಹೆಣ್ಣುಮಗಳಿಗೆ ಒಂದು ಸ್ಟೂಲು ಕೊಡದೆ ಗೌರವ ಬೋಧಿಸುವುದುಂಟೇ? ಕೇರಳ 2018ರಲ್ಲಿ, ತಮಿಳುನಾಡು 2021ರಲ್ಲಿ ಅಂಗಡಿ ನೌಕರರಿಗೆ ಕೂರುವ ಸೌಕರ್ಯ ಕೊಡಬೇಕೆಂದು ಕಾನೂನು ಮಾಡಿದವು. ಹತ್ತು ಅಥವಾ ಹೆಚ್ಚು ಜನ ದುಡಿಯುವಲ್ಲಿ ಲೈಂಗಿಕ ಕಿರುಕುಳದ ದೂರು ಕೇಳಲು ಆಂತರಿಕ ಸಮಿತಿ ಇರಬೇಕೆಂದು 2013ರ ಕಾಯಿದೆ ಹೇಳುತ್ತದೆ. ‘ಗೌರವ’ದ ಪುಟದಲ್ಲಿ ಹೂವಿನ ಚಿತ್ರದ ಬದಲು ಆ ಸಮಿತಿಯವರ ಹೆಸರು, ಫೋನ್ ನಂಬರು ಹಾಕಿದರೆ ಸಾಕಾಗಿತ್ತು.

ಪಾಠ ಫಲಿಸಿತೇ ಎಂದು ನೋಡಲು ನೂರಕ್ಕೆ ಎಷ್ಟು ಜನ ಮುಗಿಸಿದರು ಎಂಬ ಲೆಕ್ಕ ಸಾಲದು. ಬೆಲೆಯ ಚೀಟಿ ತಪ್ಪಿದೆಯೆಂದು ಹೊಸಬರು ತಾವಾಗಿಯೇ ಎಷ್ಟು ಸಲ ಬಂದು ಹೇಳಿದರು, ಹೇಳಿದವರಿಗೆ ಏನಾಯಿತು, ಅದನ್ನು ಎಣಿಸಬೇಕು.

ವಿಜಾಪುರದ ಆ ಹುಡುಗನಿಂದ ಅವನ ಅಂಗಡಿಯ ಮೂರು ಪ್ರಸಂಗಗಳನ್ನು ಕನ್ನಡದಲ್ಲಿ ಬರೆಸಿ ವಾಚನಾಲಯದ ಮೇಜಿನ ಮೇಲಿಟ್ಟಿದ್ದೇವೆ. ಅಂಗಡಿಯಲ್ಲಿ ದುಡಿಯುವ ಬೇರೆಯವರೂ ರಜೆಯ ದಿನ ಬಂದು ತಮ್ಮದನ್ನು ಸೇರಿಸಬಹುದು. ಅಂಗಡಿಯ ಹೆಸರು ಬರೆಯುವುದು ಬೇಡ. ಪಾಠ ಬರೆಯುವ ಗುಮಾಸ್ತರು ಅವನ್ನು ನಕಲು ಮಾಡಿಕೊಳ್ಳಲು ಅಡ್ಡಿಯಿಲ್ಲ.