ಸ್ಕಾಲರ್‌ಶಿಪ್ ಹಣ ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ?

ಪಿಯುಸಿ ಫಲಿತಾಂಶ ಬಂದು ಡಿಗ್ರಿಗೋ ಎಂಜಿನಿಯರಿಂಗ್‌ಗೋ ಸೀಟು ಖಾತ್ರಿಯಾದ ಮೇಲೆ ಮನೆಯಲ್ಲಿ ಏಳುವ ಮೊದಲ ಪ್ರಶ್ನೆ, ‘ಸ್ಕಾಲರ್‌ಶಿಪ್ ಎಷ್ಟು ಬರುತ್ತೆ?’ ಅದಕ್ಕೂ ಮೊದಲು ಕೇಳಬೇಕಾದ ಪ್ರಶ್ನೆ ಇನ್ನೊಂದಿದೆ: ‘ಯಾವ ಹೆಸರಿಗೆ, ಯಾವ ಖಾತೆಗೆ ಬರುತ್ತೆ?’ ಕರ್ನಾಟಕದ ವಿದ್ಯಾರ್ಥಿಗಳಿಗೆ ಯೋಜನೆಗಳ ಬರವಿಲ್ಲ. ಅರ್ಹತೆಯಿದ್ದೂ ಹಣ ಕೈಸೇರದವರು ಎಡವುವುದು ಹೆಚ್ಚಾಗಿ ದಾಖಲೆಗಳು ಒಂದಕ್ಕೊಂದು ತಾಳೆಯಾಗದ ಕಡೆ. ಆ ರಿಪೇರಿ ಕೆಲಸವನ್ನು ಅರ್ಜಿ ಕರೆಯುವ ಮುನ್ನ, ಕಾಲೇಜು ಶುರುವಾಗುವ ಹೊತ್ತಿಗೇ ಮುಗಿಸಿಕೊಂಡರೆ ಅರ್ಧ ಹಾದಿ ಸವೆದಂತೆ.

ರಾಜ್ಯ ಸರ್ಕಾರದ ಹೆಚ್ಚಿನ ವಿದ್ಯಾರ್ಥಿ ವೇತನಗಳಿಗೆ ಬಾಗಿಲು ಒಂದೇ: ರಾಜ್ಯ ವಿದ್ಯಾರ್ಥಿ ವೇತನ ಪೋರ್ಟಲ್, ಎಲ್ಲರ ಬಾಯಲ್ಲಿ ಎಸ್‌ಎಸ್‌ಪಿ. ಸಮಾಜ ಕಲ್ಯಾಣ, ಪರಿಶಿಷ್ಟ ಪಂಗಡಗಳ ಕಲ್ಯಾಣ, ಹಿಂದುಳಿದ ವರ್ಗಗಳ ಕಲ್ಯಾಣ, ಅಲ್ಪಸಂಖ್ಯಾತರ ಕಲ್ಯಾಣ ಎಂದು ಇಲಾಖೆ ಇಲಾಖೆಗೆ ಬೇರೆ ಬೇರೆ ಅರ್ಜಿ ಹಾಕಬೇಕಿಲ್ಲ. ಆಧಾರ್ ಸಂಖ್ಯೆ, ನಾಡಕಚೇರಿಯಿಂದ ಪಡೆದ ಜಾತಿ-ಆದಾಯ ಪ್ರಮಾಣಪತ್ರದ ಮೇಲಿರುವ ಆರ್‌ಡಿ ನಂಬರ್, ಕಾಲೇಜಿನ ನೋಂದಣಿ ಸಂಖ್ಯೆ ಕೊಟ್ಟರೆ ಉಳಿದ ವಿವರಗಳನ್ನು ಪೋರ್ಟಲ್ಲೇ ಆಯಾ ಇಲಾಖೆಯ ದತ್ತಾಂಶದಿಂದ ಎಳೆದುಕೊಳ್ಳುತ್ತದೆ. ಯಾವ ಯೋಜನೆಗೆ ಯಾರು ಅರ್ಹರು ಎಂಬುದೂ ಅಲ್ಲೇ ತೀರ್ಮಾನವಾಗುತ್ತದೆ. ವ್ಯವಸ್ಥೆಯ ಸೊಗಸು ಇದೇ, ತೊಡಕೂ ಇದೇ. ಎಳೆದುಕೊಂಡ ವಿವರಗಳಲ್ಲಿ ಹೆಸರು ಬೇರೆ ಬೇರೆಯಾಗಿದ್ದರೆ ಅರ್ಜಿ ಅಲ್ಲೇ ನಿಲ್ಲುತ್ತದೆ.

ನಮ್ಮ ಹೆಸರುಗಳಂತೂ ಕಂಪ್ಯೂಟರಿಗೆ ದೊಡ್ಡ ತಲೆನೋವು. ಮೇಷ್ಟ್ರು ಶಾಲೆಯಲ್ಲಿ ಬರೆದದ್ದು ‘ಮಂಜುನಾಥ ಎಚ್.’, ಆಧಾರ್‌ನಲ್ಲಿರುವುದು ‘ಮಂಜುನಾಥ್ ಹನುಮಂತಪ್ಪ’, ಜಾತಿ ಪತ್ರದಲ್ಲಿ ಬರೀ ‘ಮಂಜುನಾಥ’. ಇಂಗ್ಲಿಷ್ ಅಕ್ಷರಕ್ಕೆ ಇಳಿಸಿದಾಗ ಕೊನೆಯ ‘ಎ’ ಒಂದು ಕಡೆ ಇರುತ್ತದೆ, ಇನ್ನೊಂದು ಕಡೆ ಬಿದ್ದುಹೋಗಿರುತ್ತದೆ. ಲಕ್ಷ್ಮಿಗೆ ಒಂದು ಕಾರ್ಡಿನಲ್ಲಿ ‘ಕೆಎಸ್‌ಎಚ್’, ಇನ್ನೊಂದರಲ್ಲಿ ‘ಎಕ್ಸ್’. ಊರಿಗೆಲ್ಲ ಒಬ್ಬಳೇ ಲಕ್ಷ್ಮಿ, ಯಂತ್ರಕ್ಕೆ ಮಾತ್ರ ಇಬ್ಬರು.

ಇವುಗಳಲ್ಲಿ ಯಾವುದನ್ನು ತಿದ್ದಿಸಬೇಕು? ಎಸ್ಸೆಸ್ಸೆಲ್ಸಿ ಅಂಕಪಟ್ಟಿ ತಿದ್ದಿಸುವುದು ಎಲ್ಲಕ್ಕಿಂತ ಕಷ್ಟ. ಮುಂದೆ ಕೆಲಸಕ್ಕೂ ಪಾಸ್‌ಪೋರ್ಟಿಗೂ ಅದೇ ಆಧಾರ. ಆದ್ದರಿಂದ ಅಂಕಪಟ್ಟಿಯನ್ನು ಮೂಲವೆಂದು ಇಟ್ಟುಕೊಂಡು ಆಧಾರ್, ಜಾತಿ ಪತ್ರ, ಬ್ಯಾಂಕ್ ಪಾಸ್‌ಬುಕ್ಕುಗಳನ್ನು ಅದರಂತೆ ಸರಿಮಾಡಿಸುವುದು ಜಾಣತನ. ಒಂದು ಎಚ್ಚರಿಕೆ: ಆಧಾರ್‌ನಲ್ಲಿ ಹೆಸರು ಬದಲಿಸಲು ಜೀವಮಾನದಲ್ಲಿ 2 ಸಲ, ಹುಟ್ಟಿದ ದಿನಾಂಕ ಬದಲಿಸಲು 1 ಸಲ ಮಾತ್ರ ಅವಕಾಶ. ಗಡಿಬಿಡಿಯಲ್ಲಿ ಸೈಬರ್ ಸೆಂಟರಿನವರು ಟೈಪ್ ಮಾಡಿದ್ದಕ್ಕೆ ‘ಹೂಂ’ ಅನ್ನಬೇಡಿ, ಅಕ್ಷರ ಅಕ್ಷರ ಓದಿ ನೋಡಿ. ಹಾಗೆಯೇ ಆಧಾರ್‌ಗೆ ಜೋಡಿಸಿದ ಮೊಬೈಲ್ ನಂಬರು ಈಗಲೂ ಚಾಲ್ತಿಯಲ್ಲಿದೆಯೇ ಎಂದು ಪರೀಕ್ಷಿಸಿ. ಒಟಿಪಿ ಅಪ್ಪನ ಹಳೆಯ ಸಿಮ್ಮಿಗೆ ಹೋಗಿ ಕೂತರೆ ಅರ್ಜಿಯ ಮೊದಲ ಪುಟವೂ ದಾಟುವುದಿಲ್ಲ.

ಆದಾಯ ಪ್ರಮಾಣಪತ್ರಕ್ಕೆ 5 ವರ್ಷದ ಆಯುಸ್ಸು. ಎಸ್ಸೆಸ್ಸೆಲ್ಸಿಯಲ್ಲಿ ಮಾಡಿಸಿದ್ದು ಡಿಗ್ರಿಯ ಕೊನೆಯ ವರ್ಷದ ಹೊತ್ತಿಗೆ ಸದ್ದಿಲ್ಲದೆ ಮುಗಿದಿರುತ್ತದೆ. ಅರ್ಜಿಯ ಕೊನೆಯ ವಾರದಲ್ಲಿ ನಾಡಕಚೇರಿಯ ಸರದಿ ಹೇಗಿರುತ್ತದೆ ಎಂಬುದನ್ನು ವಿವರಿಸಬೇಕಿಲ್ಲ.

ಇನ್ನು ಬ್ಯಾಂಕು. ‘ನನ್ನ ಖಾತೆಗೆ ಆಧಾರ್ ಲಿಂಕ್ ಆಗಿದೆ’ ಎನ್ನುವವರಲ್ಲಿ ಹಲವರಿಗೆ ಅದು ಆಗಿರುವುದು ಕೆವೈಸಿಗೆ ಮಾತ್ರ. ಸರ್ಕಾರದ ನೇರ ನಗದು ವರ್ಗಾವಣೆ, ಅಂದರೆ ಡಿಬಿಟಿ, ಖಾತೆ ಸಂಖ್ಯೆಯನ್ನು ನೋಡುವುದಿಲ್ಲ. ಆಧಾರ್ ಸಂಖ್ಯೆಯ ಮೇಲೆ ಕಳುಹಿಸುತ್ತದೆ. ಆ ಸಂಖ್ಯೆ ಯಾವ ಬ್ಯಾಂಕಿನದು ಎಂಬುದನ್ನು ರಾಷ್ಟ್ರೀಯ ಪಾವತಿ ನಿಗಮದ (ಎನ್‌ಪಿಸಿಐ) ಬಳಿಯಿರುವ ಪಟ್ಟಿ ಹೇಳುತ್ತದೆ. ಆ ಪಟ್ಟಿಗೆ ಸೇರಿಸುವುದಕ್ಕೇ ‘ಆಧಾರ್ ಸೀಡಿಂಗ್’ ಎಂಬ ಹೆಸರು. ಇದಕ್ಕೆ ಬ್ಯಾಂಕಿನಲ್ಲಿ ಪ್ರತ್ಯೇಕ ಒಪ್ಪಿಗೆ ಪತ್ರ ಬರೆದುಕೊಡಬೇಕು. ಒಬ್ಬರ ಆಧಾರ್‌ಗೆ ಪಟ್ಟಿಯಲ್ಲಿ ಒಂದೇ ಬ್ಯಾಂಕು ಇರಲು ಸಾಧ್ಯ. ಕೊನೆಯದಾಗಿ ಯಾವುದು ಸೇರಿತೋ ಅದಕ್ಕೇ ಹಣ.

ಹೊಸ ಸಿಮ್ ಅಥವಾ ಹೊಸ ಆ್ಯಪ್‌ನ ಜೊತೆಗೆ ಪೇಮೆಂಟ್ಸ್ ಬ್ಯಾಂಕ್ ಖಾತೆಯೊಂದು ತೆರೆದುಕೊಂಡು, ಅದೇ ಪಟ್ಟಿಯ ಕೊನೆಗೆ ಸೇರಿಬಿಟ್ಟರೆ? 2017ರಲ್ಲಿ ಏರ್‌ಟೆಲ್ ಪೇಮೆಂಟ್ಸ್ ಬ್ಯಾಂಕಿನ ವಿಷಯದಲ್ಲಿ ಇದೇ ಆಗಿತ್ತು. ಜನರಿಗೆ ಅರಿವಿಲ್ಲದೆ ತೆರೆದ ಖಾತೆಗಳಿಗೆ ಅವರ ಅಡುಗೆ ಅನಿಲ ಸಬ್ಸಿಡಿ ಹೋಗಿ ಬೀಳುತ್ತಿತ್ತು. ಆಧಾರ್ ಪ್ರಾಧಿಕಾರ ಆ ಬ್ಯಾಂಕಿನ ಇ-ಕೆವೈಸಿ ಪರವಾನಗಿಯನ್ನೇ ಅಮಾನತಿನಲ್ಲಿಟ್ಟಿತು. ನಿಮ್ಮ ಆಧಾರ್ ಈಗ ಯಾವ ಬ್ಯಾಂಕಿಗೆ ಸೀಡ್ ಆಗಿದೆ ಎಂಬುದನ್ನು ಮೈಆಧಾರ್ ತಾಣದಲ್ಲಿ ‘ಬ್ಯಾಂಕ್ ಸೀಡಿಂಗ್ ಸ್ಟೇಟಸ್’ ಒತ್ತಿ ಒಂದು ನಿಮಿಷದಲ್ಲಿ ನೋಡಬಹುದು. 2 ವರ್ಷ ವ್ಯವಹಾರವಿಲ್ಲದೆ ನಿಷ್ಕ್ರಿಯವಾದ ಖಾತೆಯಿದ್ದರೆ ಈಗಲೇ ಎಚ್ಚರಗೊಳಿಸಿ. ಕೆವೈಸಿ ಪೂರ್ತಿಯಾಗದ ‘ಸಣ್ಣ ಖಾತೆ’ಯಾದರೆ ವರ್ಷಕ್ಕೆ 1 ಲಕ್ಷ ರೂಪಾಯಿಗಿಂತ ಹೆಚ್ಚು ಜಮೆಯಾಗುವುದಿಲ್ಲ, ಒಮ್ಮೆಗೆ 50,000 ದಾಟಿ ಉಳಿಯುವುದೂ ಇಲ್ಲ. ಎಂಜಿನಿಯರಿಂಗ್ ಶುಲ್ಕಕ್ಕೆ ಆ ಖಾತೆ ಸಾಲದು.

ಈಗ ಹಣದ ಮಾತು. ಮೆಟ್ರಿಕ್ ನಂತರದ ವಿದ್ಯಾರ್ಥಿ ವೇತನ 1944ರಷ್ಟು ಹಳೆಯದು. ಪರಿಶಿಷ್ಟ ಜಾತಿಯ ವಿದ್ಯಾರ್ಥಿಗಳ ಈ ಯೋಜನೆಗೆ ಕುಟುಂಬದ ಆದಾಯ ಮಿತಿ ವರ್ಷಕ್ಕೆ 2.5 ಲಕ್ಷ. ವಾಪಸಾಗದ ಕಡ್ಡಾಯ ಶುಲ್ಕದ ಜೊತೆಗೆ ಕೋರ್ಸಿಗನುಗುಣವಾಗಿ ಮನೆಯಿಂದ ಓಡಾಡುವವರಿಗೆ ವರ್ಷಕ್ಕೆ 2,500ರಿಂದ 7,000, ಹಾಸ್ಟೆಲಿನಲ್ಲಿರುವವರಿಗೆ 4,000ದಿಂದ 13,500 ರೂಪಾಯಿ ಭತ್ಯೆ. ರಾಜ್ಯದ ಪಾಲು ಶೇ 40, ಕೇಂದ್ರದ್ದು ಶೇ 60. ರಾಜ್ಯದ ಪಾಲು ಮೊದಲು ಬರುತ್ತದೆ, ಕೇಂದ್ರದ್ದು ಆಮೇಲೆ ಬೇರೆಯಾಗಿ. ‘ಅರ್ಧ ದುಡ್ಡು ಯಾರೋ ನುಂಗಿದರು’ ಎಂದು ಜಗಳ ತೆಗೆಯುವ ಮುನ್ನ ಇದು ನೆನಪಿರಲಿ.

ಹಿಂದುಳಿದ ವರ್ಗಗಳ ವಿದ್ಯಾರ್ಥಿಗಳಿಗೆ ವಿದ್ಯಾಸಿರಿ ಇದೆ. ಸರ್ಕಾರಿ ಹಾಸ್ಟೆಲಿನಲ್ಲಿ ಜಾಗ ಸಿಗದೆ ಬಾಡಿಗೆ ಕೋಣೆಯಲ್ಲೋ ಪಿಜಿಯಲ್ಲೋ ಇರುವವರಿಗೆ ಊಟ-ವಸತಿಗೆಂದು ತಿಂಗಳಿಗೆ 1,500ರಂತೆ 10 ತಿಂಗಳು. ಇಂದಿನ ಪಿಜಿ ದರಕ್ಕೆ ಇದು ಏನೂ ಅಲ್ಲ, ನಿಜ. ಆದರೂ ಹಾಸ್ಟೆಲಿಗೆ ಅರ್ಜಿ ಹಾಕಿ ಸಿಗದವರು ಇದನ್ನು ಬಿಟ್ಟುಕೊಡುವುದೇಕೆ?

ಜಾತಿಯನ್ನು ನೋಡದ ಯೋಜನೆಗಳು ಹೆಚ್ಚಾಗಿ ರಾಷ್ಟ್ರೀಯ ವಿದ್ಯಾರ್ಥಿ ವೇತನ ಪೋರ್ಟಲ್‌ನಲ್ಲಿವೆ. ಪಿಯುಸಿಯಲ್ಲಿ ತಮ್ಮ ಬೋರ್ಡಿನ ಮೇಲಿನ ಶೇ 20ರೊಳಗೆ ಬಂದ, 4.5 ಲಕ್ಷದೊಳಗಿನ ಆದಾಯದ ಮನೆಯವರು ಕೇಂದ್ರೀಯ ವಲಯದ ಯೋಜನೆಗೆ ಅರ್ಜಿ ಹಾಕಬಹುದು. ಪದವಿಯ ಮೊದಲ 3 ವರ್ಷ ತಲಾ 12,000, ಸ್ನಾತಕೋತ್ತರಕ್ಕೆ 20,000. ಮುಂದುವರಿಯಬೇಕಾದರೆ ಶೇ 50 ಅಂಕ, ಶೇ 75 ಹಾಜರಾತಿ ಬೇಕು. ತಾಂತ್ರಿಕ ಶಿಕ್ಷಣದಲ್ಲಿರುವ ಹುಡುಗಿಯರಿಗೆ ಎಐಸಿಟಿಇಯ ಪ್ರಗತಿ ವಿದ್ಯಾರ್ಥಿ ವೇತನ ವರ್ಷಕ್ಕೆ 50,000. ಆದಾಯ ಮಿತಿ 8 ಲಕ್ಷ, ಒಂದು ಮನೆಗೆ ಇಬ್ಬರು ಹೆಣ್ಣುಮಕ್ಕಳವರೆಗೆ. ಅಂಗವಿಕಲ ವಿದ್ಯಾರ್ಥಿಗಳಿಗೆ ಅದೇ ಮಂಡಳಿಯ ಸಕ್ಷಮ್ ಇದೆ. ನನ್ನನ್ನು ಕೇಳಿದರೆ, ಎಂಜಿನಿಯರಿಂಗ್ ಸೇರುವ ಮಧ್ಯಮ ವರ್ಗದ ಮನೆಗಳು ಇವಕ್ಕಿಂತಲೂ ಮೊದಲು ನೋಡಬೇಕಾದ್ದು ಕೆಇಎ ಸೀಟು ಹಂಚಿಕೆಯಲ್ಲಿ ಬರುವ ಎಸ್‌ಎನ್‌ಕ್ಯೂ, ಅಂದರೆ ಸೂಪರ್‌ನ್ಯೂಮರರಿ ಕೋಟಾ. ಮಂಜೂರಾದ ಸೀಟುಗಳ ಮೇಲೆ ಶೇ 5ರಷ್ಟು ಹೆಚ್ಚುವರಿ ಸೀಟುಗಳಿಗೆ ಬೋಧನಾ ಶುಲ್ಕ ಮಾಫಿ. ಸ್ಕಾಲರ್‌ಶಿಪ್ ಬರುವುದು ಶುಲ್ಕ ಕಟ್ಟಿ ತಿಂಗಳುಗಳಾದ ಮೇಲೆ. ಇಲ್ಲಿ ಆ ಬೋಧನಾ ಶುಲ್ಕವನ್ನು ಕಟ್ಟುವ ಪ್ರಮೇಯವೇ ಬರುವುದಿಲ್ಲ.

ಖಾಸಗಿ ನೆರವಿನಲ್ಲಿ ಎಸ್.ಡಿ. ಶಿಬುಲಾಲ್ ದಂಪತಿಯ ಸರೋಜಿನಿ ದಾಮೋದರನ್ ಪ್ರತಿಷ್ಠಾನದ ವಿದ್ಯಾಧನ್ ಎಸ್ಸೆಸ್ಸೆಲ್ಸಿಯಾದ ಕೂಡಲೇ ಆಯ್ಕೆ ಮಾಡಿಕೊಂಡು ಮುಂದಿನ ಓದಿನುದ್ದಕ್ಕೂ ಜೊತೆಗಿರುವ ಬಗೆಯದು. ಸರ್ಕಾರಿ ಶಾಲೆ, ಸರ್ಕಾರಿ ಪಿಯುಸಿಯಲ್ಲಿ ಓದಿ ಬಂದ ಹೆಣ್ಣುಮಕ್ಕಳಿಗೆ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನ ವರ್ಷಕ್ಕೆ 30,000 ಕೊಡುತ್ತಿದೆ. ರಿಲಯನ್ಸ್ ಪ್ರತಿಷ್ಠಾನದ್ದು ಪದವಿಯ ಅವಧಿಗೆ 2 ಲಕ್ಷದವರೆಗೆ, ಆದರೆ ಆಪ್ಟಿಟ್ಯೂಡ್ ಪರೀಕ್ಷೆ ಬರೆಯಬೇಕು. ಸರ್ಕಾರದ ಎರಡು ವೇತನಗಳು ಸಾಮಾನ್ಯವಾಗಿ ಒಟ್ಟಿಗೆ ಸಿಗುವುದಿಲ್ಲ. ಹಾಗಾಗಿ ಎಲ್ಲಕ್ಕೂ ಹಾಕಿ ನೋಡೋಣ ಎನ್ನದೆ, ದೊಡ್ಡ ಮೊತ್ತದ್ದು ಯಾವುದೆಂದು ಲೆಕ್ಕ ಹಾಕಿ ಆರಿಸಿಕೊಳ್ಳಿ.

ಅರ್ಜಿ ಸಲ್ಲಿಸಿದರೆ ಕೆಲಸ ಮುಗಿಯಲಿಲ್ಲ. ಕಾಲೇಜಿನವರು ತಮ್ಮ ಲಾಗಿನ್‌ನಲ್ಲಿ ಪರಿಶೀಲಿಸಿ ಮುಂದಕ್ಕೆ ಕಳುಹಿಸಬೇಕು. ಲೋಪವೆಂದು ವಾಪಸ್ ಬಂದ ಅರ್ಜಿಗೆ ತಿದ್ದುಪಡಿಯ ಗಡುವೂ ಇರುತ್ತದೆ. ಎಸ್ಸೆಮ್ಮೆಸ್ ಬರಲಿ ಎಂದು ಕೂರದೆ ವಾರಕ್ಕೊಮ್ಮೆ ಸ್ಥಿತಿ ನೋಡಿ. ಕಾಲೇಜಿನ ಸ್ಕಾಲರ್‌ಶಿಪ್ ವಿಭಾಗದ ಗುಮಾಸ್ತರನ್ನು ಹೆಸರು ಹಿಡಿದು ಮಾತಾಡಿಸುವಷ್ಟು ಪರಿಚಯ ಇಟ್ಟುಕೊಳ್ಳಿ. ಹಣ ಬಿಡುಗಡೆಯಾಯಿತೇ ಎಂಬುದು ‘ಡಿಬಿಟಿ ಕರ್ನಾಟಕ’ ಆ್ಯಪ್‌ನಲ್ಲಿ ಯಾವ ಬ್ಯಾಂಕು, ಯಾವ ದಿನ ಎಂಬ ವಿವರ ಸಮೇತ ಸಿಗುತ್ತದೆ. ಎರಡೂ ಪೋರ್ಟಲ್‌ಗಳಲ್ಲಿ ಅರ್ಜಿಗೆ ಶುಲ್ಕವಿಲ್ಲ. ‘ಸ್ಕಾಲರ್‌ಶಿಪ್ ಮಂಜೂರಾಗಿದೆ, ಒಟಿಪಿ ಹೇಳಿ’ ಎಂದು ಫೋನ್ ಬಂದರೆ ಕಟ್ ಮಾಡಿ. ಹೇಳಿಬಿಟ್ಟಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ.

ಕೊನೆಯ ವರ್ಷದ ಫಲಿತಾಂಶ ಬಂದ ಮೇಲೂ ಪರಿಶಿಷ್ಟ ಜಾತಿ, ಪಂಗಡದವರಿಗೆ ಇನ್ನೊಂದು ಅರ್ಜಿ ಬಾಕಿಯಿರುತ್ತದೆ. ಮೊದಲ ಯತ್ನದಲ್ಲೇ ಪ್ರಥಮ ದರ್ಜೆಯಲ್ಲಿ ಪಾಸಾದವರಿಗೆ ರಾಜ್ಯ ಸರ್ಕಾರದ ಪ್ರೋತ್ಸಾಹಧನವಿದೆ: ದ್ವಿತೀಯ ಪಿಯುಸಿ ಮತ್ತು ಡಿಪ್ಲೊಮಾಕ್ಕೆ 20,000, ಪದವಿಗೆ 25,000, ಸ್ನಾತಕೋತ್ತರಕ್ಕೆ 30,000, ಎಂಜಿನಿಯರಿಂಗ್, ವೈದ್ಯಕೀಯ, ಕೃಷಿ, ಪಶುವೈದ್ಯಕೀಯಕ್ಕೆ 35,000. ಇದು ತಾನಾಗಿ ಬರುವುದಿಲ್ಲ, ಪ್ರತ್ಯೇಕವಾಗಿ ಅರ್ಜಿ ಹಾಕಬೇಕು. ಕಾಲೇಜು ಬಿಟ್ಟ ಖುಷಿಯಲ್ಲಿ ಸಿಮ್ ಬದಲಿಸುವವರು ಅಲ್ಲಿಯವರೆಗಾದರೂ ಹಳೆಯ ನಂಬರನ್ನು ಉಳಿಸಿಕೊಳ್ಳುವುದು ಒಳ್ಳೆಯದು.