ಸ್ಪೀಕರ್‌ನಲ್ಲಿ ಬೇಸ್ ಇಲ್ವಾ? ಮೊದಲು ವೈರ್ ನೋಡಿ

ಹೋದ ತಿಂಗಳು ಪುಣೆಯಲ್ಲೇ ಬಾಡಿಗೆ ಮನೆ ಬದಲಾಯಿಸಿದೆ. ಧಾರವಾಡದಿಂದ ಬಂದಿದ್ದ ಅಪ್ಪ ಭೀಮಸೇನ ಜೋಶಿಯವರ ರೆಕಾರ್ಡಿಂಗ್ ಹಾಕಿಸಿಕೊಂಡು, "ತಬಲಾ ಕೇಳಸ್ತದ, ಡಗ್ಗಾ ಎಲ್ಲಿ ಹೋತೋ ತಮ್ಮಾ?" ಅಂದರು. ಹಳೇ ಮನೆಯಲ್ಲಿ ಗುಮ್ ಅಂತಿದ್ದ ಅದೇ ಸ್ಪೀಕರ್‌ಗಳು! ನಾನು ಸಬ್‌ವೂಫರ್ ಕಾರ್ಟ್‌ಗೆ ಹಾಕಿಯೂ ಆಗಿತ್ತು. ಸರ್ವರ್ ದೊಡ್ಡದು ಮಾಡೋ ಮುಂಚೆ ಕಾನ್ಫಿಗ್ ನೋಡಿ ಅಂತ ಜೂನಿಯರ್‌ಗಳಿಗೆ ಹೇಳೋನೂ ನಾನೇ.

ಶಿಫ್ಟಿಂಗ್ ಗಡಿಬಿಡಿಯಲ್ಲಿ ಎಡ ಸ್ಪೀಕರ್‌ನ ಕೆಂಪು-ಕಪ್ಪು ವೈರ್ ಅದಲು ಬದಲಾಗಿತ್ತು. ಹಾಗಾದಾಗ ಒಂದು ಕೋನ್ ಮುಂದೆ ಬಂದರೆ ಇನ್ನೊಂದು ಹಿಂದೆ ಹೋಗುತ್ತೆ. 50 ಹರ್ಟ್ಜ್ ತರಂಗದ ಉದ್ದ ಸುಮಾರು 7 ಮೀಟರ್. ಅದರ ಮುಂದೆ ಸ್ಪೀಕರ್‌ಗಳ ನಡುವಿನ ಅಂತರ ಚಿಕ್ಕದು, ಹೀಗಾಗಿ ಒಂದರ ಒತ್ತಡವನ್ನ ಇನ್ನೊಂದು ಅಳಿಸಿಹಾಕುತ್ತೆ. ಮೇಲಿನ ಸ್ವರಗಳ ತರಂಗ ಗಿಡ್ಡ. ಅವು ಅಷ್ಟು ಅಳಿಯಲ್ಲ. ಅದಕ್ಕೇ ಹಾಡು ಮಾತ್ರ ಸರಿಯಾಗೇ ಇದೆ ಅನ್ನಿಸುತ್ತೆ.

ನೀವೂ ನೋಡಿ. ಆಂಪ್ಲಿಫೈಯರ್ ಆಫ್ ಮಾಡಿ, ಒಂದೇ ಸ್ಪೀಕರ್‌ನ ಎರಡು ವೈರ್‌ಗಳನ್ನ ಒಂದೇ ತುದಿಯಲ್ಲಿ ಅದಲು ಬದಲು ಮಾಡಿ, ಮೋನೋದಲ್ಲಿ ಅದೇ ಹಾಡು ಹಾಕಿ. ಬೇಸ್ ಹೆಚ್ಚಿ, ದನಿ ನಟ್ಟನಡುವಿಂದ ಬಂದರೆ ಅದೇ ಸರಿ. ಬೇಸ್ ಇನ್ನೂ ಕಮ್ಮಿಯಾದರೆ ಮೊದಲಿನಂತೆಯೇ ಜೋಡಿಸಿ.

ಆಮೇಲೆ ಕುರ್ಚಿ. ನಮ್ಮ ಹಾಲ್ ಉದ್ದ 3.4 ಮೀಟರ್, ಸರಿಯಾಗಿ ಮಧ್ಯ ಕೂತರೆ 50 ಹರ್ಟ್ಜ್ ಹತ್ತಿರ ಸದ್ದು ಟೊಳ್ಳು. ಕುರ್ಚಿ ಹಿಂದೆ ಸರಿಸಿದೆ, ಸ್ಪೀಕರ್‌ಗಳನ್ನ ಗೋಡೆಗೆ ಸ್ವಲ್ಪ ಹತ್ತಿರ ತಂದೆ.

ಸಬ್‌ವೂಫರ್ ಕಾರ್ಟ್‌ನಿಂದ ತೆಗೆದಾಯ್ತು. ಅಪ್ಪ ಕಣ್ಣು ಮುಚ್ಚಿ ತೊಡೆ ಮೇಲೆ ಠೇಕಾ ಹಾಕ್ತಿದ್ರು. ಕೆಳಗಿನ ಮನೆಯವರು ಬೆಲ್ ಒತ್ತಿದ್ದೂ ಕೇಳಿಸಲಿಲ್ಲ.